ಆರ್‌ಎನ್‌ಎ ಕೊಳೆಯುತ್ತಿದೆ, ಯಾರಾದರೂ ನೋಡಿ

ಪಾಷಾಣ್_ಗುಡ್ಡ (ಪುಣೆ): ಮೂರು ವಾರದಿಂದ ಇದೇ ಗೋಳು. ಆರ್‌ಎನ್‌ಎಯ ಉದ್ದ ಅಳೆಯುವ ಬಯೋಅನಲೈಸರ್‌ನಲ್ಲಿ ರೈಬೋಸೋಮ್ ಆರ್‌ಎನ್‌ಎಯ ಎರಡು ಶಿಖರಗಳೇ ಕಾಣೆ: 18ಎಸ್ ಇಲ್ಲ, 28ಎಸ್ ಇಲ್ಲ, ಎಡಮೂಲೆಯಲ್ಲಿ ಒಂದು ಗೂನು ಮಾತ್ರ. ಆರ್‌ಐಎನ್ (ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂಬುದಕ್ಕೆ ಹತ್ತರಲ್ಲಿ ಅಂಕ) 2.3. ಜೂನ್‌ನಲ್ಲಿ ಇದೇ ಕೈ, ಆರ್‌ಎನ್‌ಎ ತೆಗೆಯುವ ಇದೇ ಟ್ರೈಜಾಲ್, ಶಿಖರಗಳೆರಡೂ ನೆಟ್ಟಗೆ ನಿಂತಿದ್ದವು. ಗೈಡ್ ಮುಖ ಕೊಟ್ಟು ಮಾತನಾಡುತ್ತಿಲ್ಲ.

ಹಳೆ_ಪಿಪೆಟ್ (ಮುಂಬೈ): ಆರ್‌ಎನ್‌ಏಸ್, ಆರ್‌ಎನ್‌ಎ ಕತ್ತರಿಸುವ ಕಿಣ್ವ. ಮಳೆಗಾಲ ಬೇರೆ. ಡಿಇಪಿಸಿ ನೀರನ್ನು (ಡಿಇಪಿಸಿ ಹಾಕಿ ಆ ಕಿಣ್ವ ಕಳೆದ ನೀರು) ಹೊಸದಾಗಿ ಮಾಡಿ.

ಪಾಷಾಣ್_ಗುಡ್ಡ: ಮಾಡಿದೆ. ಅದೇ ದಿನ, ಅದೇ ಬೆಂಚಿನಲ್ಲಿ ಯಕೃತ್ತಿನ ಆರ್‌ಎನ್‌ಎಗೆ 9.1 ಬಂತು.

ಹಳೆ_ಪಿಪೆಟ್: ಆದರೂ ಆರ್‌ಎನ್‌ಏಸೇ. ಆಟೋಕ್ಲೇವ್‌ಗೂ ಜಗ್ಗದ ಜಾತಿ ಅದು. ನನ್ನ ಮೈನಸ್ 80 ಫ್ರೀಜರ್‌ಗೆ ಇಪ್ಪತ್ತೆರಡು ವರ್ಷ, ಒಂದು ಸ್ಯಾಂಪಲ್ಲೂ ಕೆಟ್ಟಿಲ್ಲ.

ಕೊಥ್ರೂಡ್_ಅಕ್ಕ: ಸ್ಯಾಂಪಲ್ ಯಾವುದೆಂದೇ ಹೇಳಲಿಲ್ಲವಲ್ಲ?

ಪಾಷಾಣ್_ಗುಡ್ಡ: ಇಲಿಯ ವೀರ್ಯ. ನಮ್ಮ ಲ್ಯಾಬ್ ಮಾಡುವುದೇ ಅದು.

ಪಣಜಿ_ಪಡುವಣ: ವೀರ್ಯ ದ್ರವ, ವೀರ್ಯಾಣು ಕೋಶ. ಯಾವುದು?

ಪಾಷಾಣ್_ಗುಡ್ಡ: ಇದು ವ್ಯಾಕರಣದ ತರಗತಿಯಲ್ಲ. ಎಪಿಡಿಡಿಮಿಸ್‌ನ (ವೃಷಣಕ್ಕೆ ಅಂಟಿದ, ವೀರ್ಯಾಣು ಪಕ್ವವಾಗುವ ನಾಳ) ಬಾಲದಿಂದ ತೆಗೆದ ವೀರ್ಯಾಣು, ಸಾಕೇ?

ಕೊಥ್ರೂಡ್_ಅಕ್ಕ: ಹಾಗಿದ್ದರೆ ಕೆಟ್ಟದ್ದು ನಿಮ್ಮ ಜೂನ್ ಸ್ಯಾಂಪಲ್. ಪಕ್ವ ವೀರ್ಯಾಣುವಿನಲ್ಲಿ ರೈಬೋಸೋಮ್ ಆರ್‌ಎನ್‌ಎ ಮೊದಲೇ ತುಂಡಾಗಿರುತ್ತದೆ, ಆರ್‌ಐಎನ್ ನೋಡುವುದೇ ವ್ಯರ್ಥ. ಒಂದು ವೀರ್ಯಾಣುವಿನಲ್ಲಿರುವುದು ಫೆಮ್ಟೋಗ್ರಾಂ ಲೆಕ್ಕ, ದೇಹಕೋಶದಲ್ಲಿ (ವೀರ್ಯಾಣುವಲ್ಲದ ಮಾಮೂಲಿ ಕೋಶ) 10–20 ಪಿಕೋಗ್ರಾಂ, ಅಂದರೆ ಸಾವಿರಪಟ್ಟು ದೊಡ್ಡ ಲೆಕ್ಕ. ನಾಲ್ಕು ದೇಹಕೋಶ ನುಸುಳಿದರೂ 28ಎಸ್ ಎದ್ದು ಕೂರುತ್ತದೆ. ಜೂನ್ ನಂತರ ಏನು ಬದಲಾಯಿಸಿದಿರಿ?

ಪಾಷಾಣ್_ಗುಡ್ಡ: ಏನೂ ಇಲ್ಲ. ಹೊಸದಾಗಿ ಸೇರಿದ ಹುಡುಗಿ ತೊಳೆಯುವಾಗ 0.1% ಎಸ್‌ಡಿಎಸ್, 0.5% ಟ್ರೈಟನ್ ಮಾರ್ಜಕಗಳನ್ನು ಹಾಕುತ್ತಾಳೆ, ಅಷ್ಟೇ.

ಕೊಥ್ರೂಡ್_ಅಕ್ಕ: ಅಯ್ಯೋ, ದೇಹಕೋಶ ಒಡೆಯುವ ದ್ರಾವಣವೇ ಅದು! ಆ ಹುಡುಗಿಗೆ ಮಿಸಳ್ ಕೊಡಿಸಿ. ನಿಮ್ಮ ಗೂನನ್ನು ಸ್ಮಾಲ್ ಆರ್‌ಎನ್‌ಎ ಚಿಪ್ ಮೇಲೆ ಓಡಿಸಿ. 30ರ ಆಸುಪಾಸಿನ ನ್ಯೂಕ್ಲಿಯೋಟೈಡ್‌ಗಳಲ್ಲಿ ದಟ್ಟವಾಗಿದ್ದರೆ ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲ ಹೊರುವ ಆರ್‌ಎನ್‌ಎ) ತುಣುಕುಗಳು. ಎಪಿಡಿಡಿಮಿಸ್ ದಾಟುವಾಗ ಪುಟ್ಟ ಕೋಶಕಗಳ ಮೂಲಕ ವೀರ್ಯಾಣುವಿಗೆ ಇವು ಸೇರುತ್ತವೆ. 2016ರಲ್ಲಿ ಕೊಬ್ಬು ತಿನ್ನಿಸಿದ ಗಂಡಿಲಿಗಳಿಂದ ಇದೇ ತುಣುಕುಗಳನ್ನು ತೆಗೆದು ಫಲಿತ ಅಂಡಕ್ಕೆ ಚುಚ್ಚಿದಾಗ, ಮರಿಗಳಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿ ಕುಂದಿತು. ನೀವು ಕೊಳೆತದ್ದೆಂದು ಸಿಂಕಿಗೆ ಸುರಿಯುತ್ತಿರುವುದು ಅದನ್ನೇ. ಲೈಸಿಸ್‌ಗೆ, ಅಂದರೆ ಕೋಶ ಒಡೆಯುವಾಗ, ಡೈಸಲ್ಫೈಡ್ ಬಂಧ ಬಿಡಿಸುವ ಡಿಟಿಟಿ ಹಾಕುತ್ತೀರಿ ತಾನೇ? ಇಲ್ಲವಾದರೆ ವೀರ್ಯಾಣುವಿನ ತಲೆ ಸರಿಯಾಗಿ ಒಡೆಯುವುದಿಲ್ಲ.

ಪಾಷಾಣ್_ಗುಡ್ಡ: ಹಾಕುತ್ತಿರಲಿಲ್ಲ.

ಕೊಥ್ರೂಡ್_ಅಕ್ಕ: ಜೂನ್ ಸ್ಯಾಂಪಲ್ ಉಳಿದಿದ್ದರೆ ಬಿಳಿ ರಕ್ತಕಣದ ಗುರುತಾದ ಸಿಡಿ45, ಹೊದಿಕೆ ಕೋಶದ ಗುರುತಾದ ಇ-ಕ್ಯಾಡ್ಹೆರಿನ್‌ಗೆ ಕ್ಯುಪಿಸಿಆರ್ (ಒಂದು ಜೀನ್‌ನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮಾಡಿ. ಬಂದರೆ ದೇಹಕೋಶವೇ.

ಪಾಷಾಣ್_ಗುಡ್ಡ: ಎರಡೂ ಬಂದವು, ಜೋರಾಗಿಯೇ. ತೊಂದರೆ ಏನೆಂದರೆ, ಜೂನ್ ಚಿತ್ರ ಈಗಾಗಲೇ ಸಮ್ಮೇಳನದ ಪೋಸ್ಟರ್‌ನಲ್ಲಿ ಅಚ್ಚಾಗಿದೆ. ಗೈಡ್‌ಗೆ ಹೇಗೆ ಹೇಳಲಿ ಅಕ್ಕಾ?

ಹಳೆ_ಪಿಪೆಟ್: ಅದಕ್ಕೂ ಮೊದಲು ಡಿಇಪಿಸಿ ನೀರನ್ನೊಮ್ಮೆ ಬದಲಿಸಿ ನೋಡಿ.