ಪದಚರ್ಚೆ: ಫೈಲ್ ‘ರಿಕವರಿ’ಗೆ ‘ಮರಳಿ ಪಡೆ’ ಸರಿಯಾದ ಮಾತೇ?

ಗೆಳೆಯರೇ,

ಕೆಟ್ಟುಹೋದ ಹಾರ್ಡ್ ಡಿಸ್ಕಿನಿಂದ ಫೈಲ್‌ಗಳನ್ನು ತೆಗೆಯುವ ಕೆಲಸಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಮರಳಿ ಪಡೆ’, ‘ಮರುಪಡೆ’, ‘ಹಿಂಪಡೆ’ ಮೂರೂ ಬಳಕೆಯಲ್ಲಿವೆ. ನಾನು ಇಷ್ಟು ದಿನ ‘ಮರಳಿ ಪಡೆ’ ಎಂದೇ ಬರೆಯುತ್ತಿದ್ದೆ. ಈಗ ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಆದದ್ದು ಇಷ್ಟು. ಅಕ್ಕನ ಹಳೆಯ ಹಾರ್ಡ್ ಡಿಸ್ಕ್ ಒಂದು ದಿನ ತೆರೆಯಲಿಲ್ಲ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ಅವಳು ಹೂಂ ಎಂದು ಒತ್ತಿಬಿಟ್ಟಳು. ಆದದ್ದು ಕ್ವಿಕ್ ಫಾರ್ಮ್ಯಾಟ್. ಅದು ಡಿಸ್ಕಿನ ಪರಿವಿಡಿಯನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು, ಮಾತ್ರ ಹೊಸದಾಗಿ ಬರೆಯುತ್ತದೆ. ಒಳಗಿನ ಫೋಟೋಗಳು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತವೆ. ಹಾಗಾಗಿ ನಾನು ಧೈರ್ಯ ಹೇಳಿ, ಕಳೆದುಹೋದ ಫೈಲ್ ಹುಡುಕಿಕೊಡುವ ಫೋಟೋರೆಕ್ ಎಂಬ ತಂತ್ರಾಂಶ ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ‘ಕೊನೆಗೆ ಫೋಟೋಗಳನ್ನು ಮರಳಿ ಪಡೆ’ ಎಂದು ಬರೆದಿದ್ದೆ. ಸಿಕ್ಕಿದ್ದನ್ನು ಎಲ್ಲಿ ಇಡಬೇಕು ಎಂದು ತಂತ್ರಾಂಶ ಕೇಳಿದಾಗ ಅವಳು ಅದೇ ಡಿಸ್ಕನ್ನು ತೋರಿಸಿದಳು. ಸಿಕ್ಕ ಒಂದೊಂದು ಫೋಟೋವೂ ಇನ್ನೂ ಸಿಗಬೇಕಿದ್ದ ಫೋಟೋಗಳ ಮೇಲೆ ಕೂತಿತು. ಎಷ್ಟೋ ಚಿತ್ರಗಳಲ್ಲಿ ಮೇಲರ್ಧ ಮುಖ, ಕೆಳಗರ್ಧ ಬರೀ ಬೂದು ಬಣ್ಣ.

ಯಾಕೆ ಅಲ್ಲೇ ಇಟ್ಟೆ ಎಂದು ಕೇಳಿದೆ. ‘ಮರಳಿ ಅಂದ್ರೆ ಇದ್ದ ಜಾಗಕ್ಕೇ ಅಲ್ವಾ?’ ಅಂದಳು.

ಅವಳು ಹೇಳಿದ್ದು ಸರಿ. ಮರಳು ಎಂದರೆ ಹೊರಟ ಕಡೆಗೇ ತಿರುಗಿ ಬರುವುದು. ‘ಊರಿಗೆ ಮರಳಿದ’ ಎಂದರೆ ಅವನದೇ ಊರು. ಆದರೆ ಈ ಕೆಲಸದ ಮೊದಲ ನಿಯಮವೇ ಅದಕ್ಕೆ ಉಲ್ಟಾ: ಸಿಕ್ಕ ಫೈಲ್ ಹಳೆಯ ಡಿಸ್ಕಿಗೆ ಹೋಗಕೂಡದು, ಬೇರೆ ಡಿಸ್ಕಿಗೆ ಹೋಗಬೇಕು. ಮಾಡಬಾರದ್ದನ್ನೇ ನನ್ನ ಪದ ಮಾಡಲು ಹೇಳಿತ್ತು.

ಉಳಿದ ಪದಗಳೂ ನನಗೆ ಸಮಾಧಾನ ಕೊಡುತ್ತಿಲ್ಲ. ‘ಹಿಂಪಡೆ’ ಎಂದರೆ ದೂರು ಹಿಂಪಡೆದರು, ನಾಮಪತ್ರ ಹಿಂಪಡೆದರು ಎನ್ನುವುದೇ ಜಾಸ್ತಿ ನೆನಪಾಗುತ್ತದೆ. ‘ವಸೂಲಿ’ ಸಾಲದ ಮಾತು. ‘ಚೇತರಿಕೆ’ ಎಂದರೆ ಡಿಸ್ಕೇ ಗುಣವಾಯಿತು ಎಂದಾಗುತ್ತದೆ. ಡಿಸ್ಕ್ ಗುಣವಾಗುವುದಿಲ್ಲ, ಅದರೊಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೇ.

ನನಗೆ ಕಾಣುವಂತೆ ‘ರಿಕವರಿ’ ಎಂಬ ಒಂದು ಮಾತಿನೊಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಕನ್ನಡದಲ್ಲಿ ಅವನ್ನು ಬಿಡಿಸಿ ಹೇಳಬಹುದು.

ಡಿಸ್ಕೇ ಸಾಯುತ್ತಿದ್ದರೆ ಫೈಲ್ ಹುಡುಕುವ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಯಬೇಕು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಬೇರೆ ಡಿಸ್ಕಿಗೆ ಸಾಗಿಸುತ್ತದೆ. ಓದಲಾಗದ ಜಾಗಗಳನ್ನು ಸದ್ಯಕ್ಕೆ ಬಿಟ್ಟು, ಆಮೇಲೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿ ಏನಾಯಿತು ಎಂದು ಒಂದು ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಇದಕ್ಕೆ ‘ಉಳಿಸಿಕೊಳ್ಳು’ ಚೆನ್ನಾಗಿ ಹೊಂದುತ್ತಿತ್ತು. ಆದರೆ ‘ಉಳಿಸು’ ಈಗಾಗಲೇ ಸೇವ್ ಮಾಡುವುದಕ್ಕೆ ನಿಂತುಬಿಟ್ಟಿದೆ. ‘ದಾಟಿಸು’ ಅನ್ನಬಹುದೇ? ಹೊಳೆ ದಾಟಿಸಿದ ಹಾಗೆ, ಈ ದಡದಿಂದ ಆ ದಡಕ್ಕೆ. ಎರಡು ದಡ ಇವೆ ಎನ್ನುವುದು ಪದದಲ್ಲೇ ಇದೆ.

ಫೋಟೋರೆಕ್ ಮಾಡುವುದು ಬೇರೆಯೇ ಕೆಲಸ. ಅದು ಪರಿವಿಡಿಯನ್ನು ನಂಬುವುದೇ ಇಲ್ಲ. ಡಿಸ್ಕನ್ನು ಉದ್ದಕ್ಕೂ ಓದುತ್ತಾ ಫೈಲುಗಳ ಗುರುತು ನೋಡುತ್ತದೆ. ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟುಗಳಿಂದ (ಬೈಟ್ ಎಂದರೆ ಮಾಹಿತಿಯ ಒಂದು ಚಿಕ್ಕ ತುಣುಕು) ಶುರುವಾಗುತ್ತದೆ. ಅದು ಕಂಡಲ್ಲಿ ಒಂದು ಫೋಟೋ ಇದೆ ಎಂದು ಎತ್ತಿಕೊಳ್ಳುತ್ತದೆ. ಹಳೆಯ ಹೆಸರುಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಒಂದು ಅಕ್ಷರ, ಅದರ ಮುಂದೆ ಸಂಖ್ಯೆಗಳು ಹೆಸರಾಗಿ ಬರುತ್ತವೆ. ಇದಕ್ಕೆ ‘ಹೆಕ್ಕು’ ಎಷ್ಟು ಒಪ್ಪುತ್ತದೆ ನೋಡಿ! ಚೆಲ್ಲಿದ ಕಾಳನ್ನು ಒಂದೊಂದಾಗಿ ಹೆಕ್ಕುತ್ತೇವೆ. ಹೆಕ್ಕಿದ ಕಾಳನ್ನು ಮತ್ತೆ ನೆಲದ ಮೇಲೆ ಯಾರೂ ಇಡುವುದಿಲ್ಲ, ಮಡಿಲಿಗೋ ಮೊರಕ್ಕೋ ಹಾಕಿಕೊಳ್ಳುತ್ತಾರೆ. ಈ ಪದ ಬರೆದಿದ್ದರೆ ಅಕ್ಕ ಬೇರೆ ಡಿಸ್ಕ್ ಹುಡುಕುತ್ತಿದ್ದಳು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇನ್ನು ಸಿಕ್ಕರೂ ತೆರೆಯದ ಫೈಲನ್ನು ಸರಿ ಮಾಡುವುದು. ಅದಕ್ಕೆ ‘ರಿಪೇರಿ’ ಸಾಕು.

‘ಕರಪ್ಟ್’ಗೂ ಒಂದು ಮಾತು. ಕೆಲವು ಕಡೆ ‘ಭ್ರಷ್ಟ ಫೈಲ್’ ಎಂದು ಬರೆಯುತ್ತಾರೆ. ಮೂಲದಲ್ಲಿ ಭ್ರಷ್ಟ ಎಂದರೆ ಜಾರಿ ಬಿದ್ದದ್ದು, ‘ಸ್ಥಾನಭ್ರಷ್ಟ’ದಲ್ಲಿ ಆ ಅರ್ಥ ಇನ್ನೂ ಇದೆ. ಆದರೆ ಇವತ್ತು ಓದುವವರಿಗೆ ಲಂಚವೇ ನೆನಪಾಗುವುದು. ‘ಹಾಳಾದ ಫೈಲ್’ ಎಂದರೆ ಬೈದಂತೆ ಕೇಳುತ್ತದೆ. ‘ಕೆಟ್ಟ ಫೈಲ್’ ಎಂದರೆ ಅದರ ಗುಣವೇ ಕೆಟ್ಟದ್ದು ಎಂದಾಗುತ್ತದೆ. ಅದೇ ‘ಫೈಲ್ ಕೆಟ್ಟಿದೆ’, ‘ಕೆಟ್ಟುಹೋದ ಫೈಲ್’ ಎನ್ನಿ, ತಕರಾರೇ ಇಲ್ಲ. ‘ಹೋದ’ ಸೇರಿದ ಕೂಡಲೇ ಅದು ಮೊದಲು ಚೆನ್ನಾಗಿತ್ತು ಎಂದು ತಿಳಿಯುತ್ತದೆ.

‘ಅಳಿಸು’ ಬಗ್ಗೆಯೂ ನನಗೆ ಅನುಮಾನವಿದೆ. ಸ್ಲೇಟಿನ ಮೇಲೆ ಅಳಿಸಿದರೆ ಅಕ್ಷರ ಹೋಯಿತು. ಫ್ಯಾಟ್ ಎಂಬ ಬಗೆಯಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡಿದರೆ ಪರಿವಿಡಿಯಲ್ಲಿ ಅದರ ಹೆಸರಿನ ಮೊದಲ ಬೈಟ್ ಬದಲಾಗುತ್ತದೆ, ಅದರ ಜಾಗ ಖಾಲಿ ಎಂದು ದಾಖಲಾಗುತ್ತದೆ. ಒಳಗಿನ ಬರಹಕ್ಕೆ ಯಾರೂ ಕೈ ಹಾಕಿರುವುದಿಲ್ಲ. ಇದು ‘ಹೊಡೆದುಹಾಕು’ ಎನ್ನುವುದಕ್ಕೆ ಹತ್ತಿರ, ಪಟ್ಟಿಯಲ್ಲಿ ಹೆಸರಿನ ಮೇಲೆ ಗೀಟು ಎಳೆದ ಹಾಗೆ. ಆದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಎಂಬ ಡಿಸ್ಕಿಗೆ ‘ಈ ಜಾಗದಲ್ಲಿರುವುದು ಇನ್ನು ಬೇಡ’ ಎಂದು ತಿಳಿಸುವ ಟ್ರಿಮ್ ಎಂಬ ಆಜ್ಞೆ ಹೋದರೆ ಒಳಗಿನದೂ ಬೇಗ ಇಲ್ಲವಾಗಬಹುದು. ಅಲ್ಲಿ ‘ಅಳಿಸು’ ನಿಜವಾದ ಮಾತು. ಒಂದೇ ಗುಂಡಿಗೆ ಎರಡು ಪದ ಇಡಲಾಗುವುದಿಲ್ಲ, ಹಾಗಾಗಿ ‘ಅಳಿಸು’ ಇರಲಿ ಎಂದು ಬಿಟ್ಟಿದ್ದೇನೆ.

ನಾನು ಹೊಸದಾಗಿ ಬರೆದ ಸಾಲು ಇದು: ‘ಹೆಕ್ಕಿದ ಫೈಲ್‌ಗಳನ್ನು ಎಲ್ಲಿ ಇಡಬೇಕು? ಬೇರೆ ಡಿಸ್ಕನ್ನು ಆರಿಸಿ.’

ನಿಮ್ಮಲ್ಲಿ ಕೇಳುವುದು ಎರಡು. ‘ಹೆಕ್ಕು’ ನಿಮ್ಮ ಮನೆಮಾತಿನಲ್ಲಿ ಇದೆಯೇ, ಅಥವಾ ‘ಆರಿಸು’, ‘ಆಯು’ ಎನ್ನುತ್ತೀರಾ? ‘ಆರಿಸು’ ಸೆಲೆಕ್ಟ್ ಮಾಡುವುದಕ್ಕೆ ಹೋಗಿದೆಯಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಮತ್ತೆ, ಈ ಎಲ್ಲ ಕೆಲಸಗಳಿಗೂ ಒಟ್ಟಾಗಿ ಒಂದು ಹೆಸರು ಬೇಕಾದಾಗ ಏನು ಮಾಡೋಣ? ‘ಹೊರತೆಗೆ’ ಹತ್ತಿರ ಬರುತ್ತದೆ, ಆದರೆ ಅದನ್ನು ಜಿಪ್ ಫೈಲ್ ಬಿಚ್ಚುವುದಕ್ಕೆ ಬಳಸುತ್ತಿದ್ದೇವೆ. ಅದನ್ನು ಬಿಡಿಸಿ ಇಲ್ಲಿಗೆ ತರಬಹುದೇ, ಅಥವಾ ‘ರಿಕವರಿ’ಯನ್ನೇ ಇಟ್ಟುಕೊಳ್ಳುವುದು ವಾಸಿಯೇ?