ಲೀಡ್ ಮರುಪ್ರಮಾಣೀಕರಣ: ನೀರಿನ ಮೀಟರ್ ಎಲ್ಲೆಲ್ಲಿ ಕೂರಿಸಬೇಕು?

ತುಂಗಾತೀರ (ಶಿವಮೊಗ್ಗ):
ನಾಲ್ಕಂತಸ್ತಿನ ಆಫೀಸ್ ಕಟ್ಟಡ. ಪಾಲಿಕೆ ನಲ್ಲಿ, ಒಂದು ಬೋರ್‌ವೆಲ್, ಚಾವಣಿಯ ಮಳೆನೀರಿಗೆ ಬೇರೆ ಟ್ಯಾಂಕ್ (ಇದು ಫ್ಲಶ್‌ಗೆ), ತೋಟಕ್ಕೆ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರು. ಮೀಟರ್ ಇರುವುದು ಪಾಲಿಕೆ ಲೈನಿಗೆ ಮಾತ್ರ. ಮುಂದಿನ ವರ್ಷ ಲೀಡ್ (ಹಸಿರು ಕಟ್ಟಡದ ಪ್ರಮಾಣಪತ್ರ) ಮರುಪ್ರಮಾಣೀಕರಣ ಇದೆ. ಓವರ್‌ಹೆಡ್ ಟ್ಯಾಂಕಿನ ಔಟ್‌ಲೆಟ್‌ಗೆ ಇನ್ನೊಂದು ಮೀಟರ್ ಹಾಕಿದರೆ ಸಾಕಾಗುತ್ತದಾ?

ಸಾಗರದವ:
ಸಾಕಾಗಲ್ಲ ಸಾರ್. ಕಟ್ಟಡದೊಳಗೆ ಬರುವ ಕುಡಿಯುವ ಗುಣಮಟ್ಟದ ನೀರೆಲ್ಲ ಲೆಕ್ಕಕ್ಕೆ ಸಿಗಬೇಕು. ಹಾಗಾಗಿ ಬೋರ್‌ವೆಲ್‌ಗೆ ಮೊದಲು ಮೀಟರ್ ಹಾಕಿಸಿ. ಲೆಕ್ಕ ಸತತ 12 ತಿಂಗಳದ್ದು ಬೇಕು, ಆದ್ದರಿಂದ ಮುಂದಿನ ವರ್ಷದ ಅರ್ಜಿ ಅಂದರೆ ಮೀಟರ್ ಈಗಲೇ ಕೂರಬೇಕು. ಟ್ಯಾಂಕರ್ ತರಿಸುವುದಿದ್ದರೆ ಆ ಬಿಲ್ಲುಗಳನ್ನೂ ತಿಂಗಳುವಾರು ಜೋಡಿಸಿಡಿ.

ಮಳೆನೀರಿನ ಟ್ಯಾಂಕಿನಲ್ಲೇ ಹೆಚ್ಚಿನವರು ಎಡವುವುದು. ನಮ್ಮ ಕಡೆ ಜೂನ್‌ನಿಂದ ಟ್ಯಾಂಕ್ ತುಂಬಿ ಹರಿಯುತ್ತದೆ, ಮಾರ್ಚ್ ಹೊತ್ತಿಗೆ ಅದೇ ಟ್ಯಾಂಕಿಗೆ ಬೋರ್ ನೀರು ಬಿಟ್ಟಿರುತ್ತಾರೆ. ಔಟ್‌ಲೆಟ್‌ಗೆ ಮಾತ್ರ ಮೀಟರ್ ಇದ್ದರೆ ಆ ಬೋರ್ ನೀರೂ ಮಳೆನೀರಿನ ಖಾತೆಗೇ ಬೀಳುತ್ತದೆ. ಬೋರ್ ನೀರು ಬಿಡುವ ಟಾಪ್‌ಅಪ್ ಲೈನಿಗೂ ಒಂದು ಮೀಟರ್ ಬೇಕು, ಔಟ್‌ಲೆಟ್ ಅಂಕಿಯಲ್ಲಿ ಅದರ ಅಂಕಿಯನ್ನು ಕಳೆಯಬೇಕು. ಲೀಡ್ ವಿ4ರ (4ನೇ ಆವೃತ್ತಿ) ಮೀಟರ್ ಕ್ರೆಡಿಟ್‌ನಲ್ಲೂ (ಅಂಕ ಸಿಗುವ ಅಂಶ) ಮರುಬಳಕೆ ನೀರಿಗೆ ಇದೇ ನಿಯಮ. ತೋಟಕ್ಕೆ ಉಪಮೀಟರ್ ಹಾಕುವುದಾದರೆ ನೀರುಣಿಸುವ ಜಾಗದ ಕನಿಷ್ಠ ಶೇ. 80ರಷ್ಟು ಅದರಡಿ ಬರಲಿ.

ಪೈಪ್‌ರೆಂಚು (ತೀರ್ಥಹಳ್ಳಿ):
ಬೋರ್‌ವೆಲ್ ಮೀಟರ್ ಸುಳ್ಳು ಹೇಳುವುದು ಗಾಳಿಯಿಂದ. ಪಂಪ್ ಶುರುವಾದಾಗ ಪೈಪಿನಲ್ಲಿದ್ದ ಗಾಳಿ ನುಗ್ಗಿ ಮುಳ್ಳು ಸುಮ್ಮನೆ ತಿರುಗುತ್ತದೆ. ಮೀಟರ್‌ಗೆ ಮೊದಲು ಏರ್ ವಾಲ್ವ್ ಇರಲಿ, ಜೊತೆಗೆ ವೈ-ಸ್ಟ್ರೈನರ್ (ಕಸ ಹಿಡಿಯುವ ಜಾಲರಿ). ಕಬ್ಬಿಣದ ಅಂಶ ಇರುವ ಬೋರ್ ಆದರೆ ಸ್ಟ್ರೈನರ್ ಬೇಗ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು. 50 ಮಿಮೀ ವೋಲ್ಟ್‌ಮನ್ ಮೀಟರ್ (ಹರಿವಿಗೆ ಒಳಗಿನ ಚಕ್ರ ತಿರುಗುವಂಥದ್ದು) ಆದರೆ ನೀರು ಬರುವ ಕಡೆ 500 ಮಿಮೀ, ಹೋಗುವ ಕಡೆ 250 ಮಿಮೀ ನೇರ ಪೈಪ್ ಬಿಡಿ. ಬೆಂಡ್ ಪಕ್ಕದಲ್ಲೇ ಕೂರಿಸಿದರೆ ನೀರು ಸುಳಿ ಹೊಡೆದು ರೀಡಿಂಗ್ ಕೆಡುತ್ತದೆ. ಮೀಟರ್ ಪೈಪಿನ ಎತ್ತರದ ಜಾಗಕ್ಕೆ ಬೇಡ, ಅಲ್ಲಿ ಗಾಳಿ ನಿಲ್ಲುತ್ತದೆ.

ಓವರ್‌ಹೆಡ್ ಟ್ಯಾಂಕಿನ ಔಟ್‌ಲೆಟ್‌ಗೆ ಹಾಕುವ ಮೊದಲು ಒತ್ತಡ ನೋಡಿ ಮಾರಾಯ್ರೇ. ಮೇಲಂತಸ್ತಿಗೆ ಮೂರು ಮೀಟರ್ ಎತ್ತರ ಅಂದರೆ ಬರೀ 0.3 ಬಾರ್. ಮೆಕ್ಯಾನಿಕಲ್ ಮೀಟರ್ ತುಂಬು ಹರಿವಿನಲ್ಲಿ ಅದರ ದೊಡ್ಡ ಪಾಲು ತಾನೇ ನುಂಗುತ್ತದೆ, ಮೇಲಿನ ನಲ್ಲಿ ಜಿನುಗುತ್ತದೆ. ಅಲ್ಲಿಗೆ ಅಲ್ಟ್ರಾಸಾನಿಕ್ (ಶಬ್ದತರಂಗದಿಂದ ಅಳೆಯುವ) ಮೀಟರ್ ಒಳ್ಳೆಯದು. ದುಡ್ಡು ಜಾಸ್ತಿ, ಆದರೆ ಒಳಗೆ ತಿರುಗುವ ಭಾಗ ಇಲ್ಲ.

ಇನ್ನೊಂದು: ಮೀಟರ್ ಚೇಂಬರ್ ನೆಲದಲ್ಲಿ ತೋಡಬೇಡಿ. ಮಳೆಗಾಲದಲ್ಲಿ ಅದು ಬಾವಿಯೇ ಆಗುತ್ತದೆ, ಗಾಜಿಗೆ ಹನಿ ಕಟ್ಟಿ ಅಂಕಿ ಕಾಣುವುದಿಲ್ಲ. ಗೋಡೆಗೆ ಹಾಕಿ.

ತುಂಗಾತೀರ:
ಪಾಲಿಕೆ ಮೀಟರ್ 15 ಮಿಮೀ, ಕ್ಲಾಸ್ ಬಿ (ನಿಖರತೆಯ ದರ್ಜೆ). ಅದನ್ನೇ ನಂಬಬಹುದಾ?

ಸಾಗರದವ:
ಹರಿವು ಚೆನ್ನಾಗಿದ್ದರೆ ನಂಬಬಹುದು. ಗಂಟೆಗೆ 1.5 ಘನಮೀಟರ್ ಹರಿವಿನ ಕ್ಲಾಸ್ ಬಿ ಮೀಟರ್‌ಗೆ ಕನಿಷ್ಠ ಹರಿವು ಗಂಟೆಗೆ 30 ಲೀಟರ್. 30ರಿಂದ 120 ಲೀಟರ್‌ವರೆಗೆ ಶೇ. 5ರ ತನಕ ತಪ್ಪಬಹುದು, ಅದರಾಚೆ ಶೇ. 2. ಸಂಪಿನ ಫ್ಲೋಟ್ ವಾಲ್ವ್ ಸವೆದು ನೀರು ಸಣ್ಣಗೆ ಒಸರುತ್ತಿದ್ದರೆ ಮೀಟರ್‌ಗೆ ಗೊತ್ತೇ ಆಗದೆ ಹೋಗಬಹುದು. ಫ್ಲೋಟ್ ವಾಲ್ವ್ ಮೊದಲು ಬದಲಿಸಿ.

ಅಂಕಿಮಾಲೆ:
ಪಲ್ಸ್ ಔಟ್‌ಪುಟ್ ಇರುವ (ಇಂತಿಷ್ಟು ಲೀಟರ್‌ಗೊಮ್ಮೆ ವಿದ್ಯುತ್ ಸಂಕೇತ ಕೊಡುವ) ಮೀಟರ್ ತಂದರೆ ಒಂದು ಪಲ್ಸ್ ಎಷ್ಟು ಲೀಟರ್ ಅಂತ ಪ್ಲೇಟ್ ನೋಡಿಯೇ ಸಾಫ್ಟ್‌ವೇರ್‌ಗೆ ಹಾಕಿ. 10ರ ಜಾಗದಲ್ಲಿ 1 ಬಿದ್ದರೆ ಇಡೀ ವರ್ಷದ ಲೆಕ್ಕ ಹತ್ತು ಪಟ್ಟು ಕಡಿಮೆ. ಮೊದಲ ವಾರ ಡಯಲ್ಲಿನ ಅಂಕಿಯನ್ನೂ ಸಾಫ್ಟ್‌ವೇರಿನ ಅಂಕಿಯನ್ನೂ ದಿನಾ ತಾಳೆ ನೋಡಿ. ಮಧ್ಯೆ ಮೀಟರ್ ಬದಲಾಯಿಸಿದರೆ ಹಳೆಯದರ ಕೊನೆ ರೀಡಿಂಗ್, ಹೊಸದರ ಮೊದಲ ರೀಡಿಂಗ್, ಎರಡರ ಸೀರಿಯಲ್ ನಂಬರ್, ತಾರೀಕು ಕಾಣುವಂತೆ ಫೋಟೋ ತೆಗೆದಿಡಿ. ಮೀಟರ್ ತಪ್ಪಿಸಿ ನೀರು ಹಾಯಿಸುವ ಬೈಪಾಸ್ ವಾಲ್ವ್‌ಗೆ ಸೀಲ್ ಹಾಕಿಸಿ. ರಿಪೇರಿಗೆ ಅಂತ ತೆರೆದದ್ದನ್ನು ಮುಚ್ಚುವುದು ಪ್ಲಂಬರ್‌ಗೆ ನೆನಪಿರುವುದಿಲ್ಲ.