ಪದಚರ್ಚೆ: ಮರಸೌತೆ ಹುಣ್ಣನ್ನು 'ವಾಸಿಮಾಡುತ್ತದೆ' ಎನ್ನಬಹುದೇ?

ಪ್ರಶ್ನೆ: ಆಫ್ರಿಕಾದ ಮರಸೌತೆಯ (ಕಿಗೇಲಿಯಾ ಆಫ್ರಿಕಾನಾ) ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಮೂರು ಕಡೆ ತೊಡಕಾಗಿದೆ. 'ಅಲ್ಸರ್'ಗೆ ಹುಣ್ಣು ಸಾಕೇ, ವ್ರಣ ಬೇಕೇ? ಇಲಿಗಳಿಗೆ ಕೊಟ್ಟ ಎಲೆಯ 'ಎಕ್ಸ್‌ಟ್ರ್ಯಾಕ್ಟ್' ಕಷಾಯವೇ? 'ಆ್ಯಂಟಿಅಲ್ಸರ್' ಎಂದರೆ 'ಹುಣ್ಣು ವಾಸಿಮಾಡುವ' ಎಂದಾಗುತ್ತದೆಯೇ?

ಉತ್ತರ: ಹುಣ್ಣು ಧಾರಾಳ ಸಾಕು. ಆದರೆ ಎಲ್ಲಿಯ ಹುಣ್ಣು ಎಂದು ಪ್ರತಿ ಸಲವೂ ಹೇಳಿ. ಆಫ್ರಿಕಾದ ನಾಟಿವೈದ್ಯದಲ್ಲಿ ಮರಸೌತೆಯ ಒಣಕಾಯಿ ಪುಡಿಯನ್ನು ಹಚ್ಚುವುದು ಮೈಮೇಲಿನ ಹುಣ್ಣಿಗೆ. ಇಂಗ್ಲಿಷಿನಲ್ಲಿ ಅದೂ 'ಅಲ್ಸರ್', ಜಠರದ್ದೂ 'ಅಲ್ಸರ್'. ಎರಡನ್ನೂ ಬರೀ ಹುಣ್ಣು ಎಂದು ಬಿಟ್ಟರೆ ಹಚ್ಚುವ ಮದ್ದು ಕುಡಿಯುವ ಮದ್ದಾಗಿಬಿಡುತ್ತದೆ. ಹಸಿಕಾಯಿ ವಿಷ, ತಿಂದರೆ ಭೇದಿ ಹಿಡಿಯುತ್ತದೆ. 'ಗ್ಯಾಸ್ಟ್ರಿಕ್' ಎಂಬ ಮೊಟಕು ರೂಪವೂ ಬೇಡ. ನಮ್ಮಲ್ಲಿ 'ಗ್ಯಾಸ್ಟ್ರಿಕ್ ಆಗಿದೆ' ಅಂದರೆ ಹುಳಿತೇಗು, ಹೊಟ್ಟೆಯುಬ್ಬರ ಅಷ್ಟೇ.

ಕಷಾಯ ತಪ್ಪು. ಅದು ನೀರಲ್ಲಿ ಕುದಿಸಿ ಬತ್ತಿಸಿದ್ದು. ಈ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಎಥನಾಲಿನಲ್ಲಿ (ಮದ್ಯದಲ್ಲಿರುವ ಆಲ್ಕೊಹಾಲ್) ಎರಡು ಮೂರು ದಿನ ನೆನೆಹಾಕಿ ಸೋಸುತ್ತಾರೆ. ಎಥನಾಲನ್ನು ಹಾರಿಸಿದ ಮೇಲೆ ತಳದಲ್ಲಿ ಅಂಟಂಟಾದ ಹಸಿರುಗಪ್ಪು ಗಸಿ ಉಳಿಯುತ್ತದೆ. ನೀರಿಗೆ ಇಳಿಯದ ಎಷ್ಟೋ ಅಂಶ ಅದರಲ್ಲಿರುತ್ತದೆ. 'ಅರ್ಕ' ಭಟ್ಟಿ ಇಳಿಸಿದ್ದು, ಅದೂ ಹೊಂದದು. 'ಎಥನಾಲ್ ಸಾರ' ಎನ್ನಿ. (ಎಥನಾಲ್ ಪೂರ್ತಿ ಹಾರದಿದ್ದರೆ ಪ್ರಯೋಗವೇ ಕೆಡುತ್ತದೆ. ಅಲ್ಪಸ್ವಲ್ಪ ಉರಿ ಕೊಡುವ ವಸ್ತು ಮೊದಲೇ ಹೊಟ್ಟೆಗಿಳಿದರೆ ಜಠರದ ಒಳಪೊರೆ ತಾನೇ ಎಚ್ಚೆತ್ತು ಕಾಪಾಡಿಕೊಳ್ಳುತ್ತದೆ. ಕಾಪಾಡಿದ ಹೆಸರು ಮಾತ್ರ ಗಿಡಕ್ಕೆ ಸಲ್ಲುತ್ತದೆ!)

ಮೂರನೆಯದೇ ದೊಡ್ಡ ತಪ್ಪು. ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮ ಹೀಗೆ: ಇಲಿಗಳನ್ನು 24 ಗಂಟೆ ಉಪವಾಸ ಕೆಡವುತ್ತಾರೆ. ಪಂಜರದ ತಳಕ್ಕೆ ತಂತಿಜಾಲರಿ ಬೇಕು, ಇಲ್ಲದಿದ್ದರೆ ಹಿಕ್ಕೆ, ಹೊಟ್ಟು ತಿಂದು ಹೊಟ್ಟೆ ತುಂಬಿಕೊಳ್ಳುತ್ತವೆ. ಸಾರವನ್ನು ಕೆಜಿ ತೂಕಕ್ಕೆ 100, 200, 400 ಮಿಲಿಗ್ರಾಂನಂತೆ ಬೇರೆಬೇರೆ ಗುಂಪಿಗೆ, ಹೋಲಿಕೆಗೆಂದು ಒಂದು ಗುಂಪಿಗೆ ಒಮೆಪ್ರಜೋಲ್ (ಜಠರದ ಆಮ್ಲ ತಗ್ಗಿಸುವ ಮದ್ದು), ಇನ್ನೊಂದಕ್ಕೆ ಬರೀ ನೀರು. ಒಂದು ಗಂಟೆ ಬಿಟ್ಟು, ಹುಣ್ಣೆಬ್ಬಿಸಲೆಂದು, ತಲಾ 1 ಮಿಲಿಲೀಟರ್ ಶುದ್ಧ ಎಥನಾಲ್. ಇನ್ನೊಂದು ಗಂಟೆಗೆ ಕೊಂದು, ಜಠರವನ್ನು ದೊಡ್ಡ ಬಾಗಿನುದ್ದಕ್ಕೂ ಕತ್ತರಿಸಿ ಬಿಡಿಸಿದರೆ ಒಳಪೊರೆಯ ಮೇಲೆ ಕಡುಗೆಂಪು ಪಟ್ಟೆಗಳು. ಅವುಗಳ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು ಕೂಡುತ್ತಾರೆ. ಅಳೆಯುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಿರಬಾರದು.

ನೋಡಿ, ಮದ್ದು ಮೊದಲು, ಗಾಯ ಆಮೇಲೆ. ಇಲ್ಲಿ ವಾಸಿಯಾಗಲು ಹುಣ್ಣೇ ಇರಲಿಲ್ಲ. 'ಹುಣ್ಣಾಗದಂತೆ ತಡೆಯಿತು' ಎನ್ನಬೇಕು. ಮೊದಲು ಅಸಿಟಿಕ್ ಆಮ್ಲದಿಂದ ಹುಣ್ಣೆಬ್ಬಿಸಿ, ದಿನಗಟ್ಟಲೆ ಮದ್ದು ಕೊಟ್ಟು ನೋಡುವ ಇನ್ನೊಂದು ಕ್ರಮವಿದೆ. ಅದರಲ್ಲಾದರೆ 'ಮಾಯಿಸಿತು' ಎನ್ನಿ. ಕಾಯಿಲೆ ವಾಸಿಯಾಗುತ್ತದೆ, ಹುಣ್ಣು ಮಾಯುತ್ತದೆ. ಮದ್ದಿಲ್ಲದೆಯೂ ಮಾಯುತ್ತದೆ, ಹಾಗಾಗಿ ಮದ್ದಿಲ್ಲದ ಗುಂಪಿಗಿಂತ ಬೇಗ ಮಾಯಿತೇ ಎಂಬುದಷ್ಟೇ ಲೆಕ್ಕ. ಇನ್ನು ಮನುಷ್ಯರ ಜಠರದ ಹುಣ್ಣಿಗೆ ಬಹುಪಾಲು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳು. ಎಥನಾಲ್ ಕುಡಿಸಿದ ಇಲಿಯಲ್ಲಿ ಇವೆರಡೂ ಇಲ್ಲ. 'ಇಲಿಗಳಲ್ಲಿ' ಎಂಬ ಮಾತನ್ನು ಶೀರ್ಷಿಕೆಯಿಂದ ಕೈಬಿಡಬೇಡಿ.

ಇನ್ನೊಬ್ಬರ ಸೇರಿಕೆ: ಇಲಿಗಳಿಗೆ ಸಾರವನ್ನು ಕೊಳವೆಯಿಂದ ಕುಡಿಸುವುದಕ್ಕೆ 'ಗೊಟ್ಟ ಹಾಕು' ಎನ್ನುವ ಆಸೆಯಾಗುತ್ತದೆ, ದನಕ್ಕೆ ಬಿದಿರಿನ ಗೊಟ್ಟದಲ್ಲಿ ಮದ್ದು ಹಾಕುವಂತೆ. ಆದರೆ ಗೊಟ್ಟ ಬಾಯಿಗೆ ಸುರಿಯುತ್ತದೆ. ಇಲಿಯ ಗುಂಡುತುದಿಯ ಸೂಜಿಕೊಳವೆ ಅನ್ನನಾಳದ ಮೂಲಕ ಜಠರಕ್ಕೇ ಇಳಿಯಬೇಕು, ತಪ್ಪಿ ಶ್ವಾಸನಾಳ ಹೊಕ್ಕರೆ ಇಲಿ ಸಾಯುತ್ತದೆ. 'ಜಠರಕ್ಕೆ ನೇರ ಕೊಳವೆಯಲ್ಲಿ ಹಾಕಿದರು' ಎಂದರೆ ಸಾಕು.